ನಾಲ್ಕು ಡಿಸ್ಕಿನ ಪೆಟ್ಟಿಗೆ

ನಾನು ಓದಿದ್ದು ನಾಲ್ಕನೆಯ ಇಯತ್ತೆ. ಕನ್ನಡ ಓದುತ್ತೇನೆ, ಬರೆಯುತ್ತೇನೆ. ಇಂಗ್ಲಿಷ್ ಬರುವುದಿಲ್ಲ, ಬರಬೇಕಾಗಿಯೂ ಇರಲಿಲ್ಲ. ಸಿಂಧನೂರಿನಲ್ಲಿ ನಮ್ಮದು ಫೋಟೋ ಸ್ಟುಡಿಯೋ. ನನ್ನ ಗಂಡ ಹಾಕಿದ ಅಂಗಡಿ. ಅವರು ಫೋಟೋ ತೆಗೆಯುತ್ತಿದ್ದರು, ನಾನು ಕತ್ತಲ ಕೋಣೆಯಲ್ಲಿ ರೀಲು ತೊಳೆಯುತ್ತಿದ್ದೆ. ಆ ಔಷಧಿ ನೀರಿಗೆ ಹಳದಿಯಾದ ಉಗುರುಗಳು ಇನ್ನೂ ಹಾಗೇ ಇವೆ.

ಆಗಿನ ರೀಲುಗಳೆಲ್ಲ ಒಂದು ತಗಡಿನ ಟ್ರಂಕಿನಲ್ಲಿವೆ. ಡಾಂಬರು ಗುಳಿಗೆ ಹಾಕಿ ಮುಚ್ಚಿಟ್ಟಿದ್ದೇನೆ. ಯಾರಾದರೂ ಬಂದು ನಮ್ಮಪ್ಪನ ಮದುವೆ ಫೋಟೋ ಬೇಕು ಅಂದರೆ ಒಂದು ಮಧ್ಯಾಹ್ನ ಹುಡುಕಿ ಕೊಡುತ್ತೇನೆ. ಗಂಡ ತೀರಿದ ಮೇಲೆ ರೀಲು ಹೋಯಿತು, ಕಂಪ್ಯೂಟರು ಬಂತು. ಈಗ ಮಗ ಫೋಟೋ ತೆಗೆಯುತ್ತಾನೆ, ಸೊಸೆ ಕಂಪ್ಯೂಟರಿನ ಮುಂದೆ ಕೂತು ಆಲ್ಬಮ್ ಮಾಡುತ್ತಾಳೆ. ನಾನು ಮುಂದುಗಡೆ ಕೂತು ಮದುವೆ ಮನೆಯವರ ಜೊತೆ ಆಲ್ಬಮಿಗೆ ಫೋಟೋ ಆರಿಸುತ್ತೇನೆ. ಇದು ಬೇಡ, ಇದರಲ್ಲಿ ಮಾವ ಕಣ್ಣು ಮುಚ್ಚಿದ್ದಾನೆ. ಇದು ಬೇಡ, ಇದರಲ್ಲಿ ಬೀಗರು ಜಗಳಕ್ಕೆ ನಿಂತ ಹಾಗಿದ್ದಾರೆ. ಆ ಕೆಲಸಕ್ಕೆ ನಾಲ್ಕನೆಯ ಇಯತ್ತೆ ಸಾಕು.

ಮೊದಲು ಮದುವೆಗಳನ್ನೆಲ್ಲ ಬಿಡಿ ಡಿಸ್ಕುಗಳಲ್ಲಿ ತುಂಬಿ, ಮೇಲೆ ಚೀಟಿ ಅಂಟಿಸಿ ಮೇಜಿನ ಖಾನೆಯಲ್ಲಿ ಇಡುತ್ತಿದ್ದರು. ಒಂದು ಡಿಸ್ಕು ಸೊಸೆಯ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಎತ್ತಿ ಕಂಪ್ಯೂಟರಿಗೆ ಹಚ್ಚಿದರೆ ಒಳಗೆ ಕಟಕಟ ಶಬ್ದ, ಅಷ್ಟೇ. ಆ ವರ್ಷದ ಅರ್ಧ ಮದುವೆಗಳು ಹೋದವು. ಇನ್ನು ಹೀಗೆ ನಡೆಯುವುದಿಲ್ಲ, ಎಲ್ಲವನ್ನೂ ಒಂದೇ ಕಡೆ ಇಟ್ಟುಕೊಳ್ಳುವ ಸರ್ವರು ಬೇಕು ಎಂದು ಸೊಸೆ ಹಟ ಹಿಡಿದಳು. ಲಿಂಗಸುಗೂರಿನಿಂದ ಒಬ್ಬ ಕಂಪ್ಯೂಟರಿನವನನ್ನು ಕರೆಸಿದೆವು. ಈ ಭಾಗದ ಸ್ಟುಡಿಯೋಗಳಿಗೆಲ್ಲ ಅವನೇ ಬರುತ್ತಾನೆ. ಹೇಳಿದ ಮಾತನ್ನು ಎರಡು ಸಲ ಹೇಳುವ ಮನುಷ್ಯ, ಅದಕ್ಕೇ ಅವನ ಮಾತು ಯಾರೂ ಕೇಳುವುದಿಲ್ಲ.

ಅವನು ತಂದದ್ದು ಬೆಲ್ಲದ ಪೆಂಟೆಯಷ್ಟು ದೊಡ್ಡ ಕರಿ ಪೆಟ್ಟಿಗೆ. ಮುಂದುಗಡೆ ನಾಲ್ಕು ಖಾನೆ, ಒಂದೊಂದು ಖಾನೆಗೆ ಒಂದೊಂದು ಡಿಸ್ಕು, ಒಂದೊಂದರ ಮೇಲೆ ಒಂದು ಹಸಿರು ದೀಪ. ಹೇಗೆ ಕೂಡಿಸಲಿ ಎಂದು ಕೇಳಿದ. ಕೂಡಿಸುವುದರಲ್ಲಿ ಏನಿದೆ ಎಂದು ನಾನು ಕೇಳಿದ್ದಕ್ಕೆ, ನಾವು ಚಹಾ ಕುಡಿದಿಟ್ಟ ನಾಲ್ಕು ಸ್ಟೀಲ್ ಲೋಟ ಸಾಲಾಗಿ ಇಟ್ಟ.

"ನೋಡ್ರಿ ಅಮ್ಮಾರ, ನಾಲ್ಕೂ ಕೂಡಿಸಿ ಒಂದ ಮಾಡಿದ್ರ ಜಾಗಾ ಪೂರಾ ಸಿಗ್ತದ. ಆದ್ರ ಒಂದು ಸತ್ರ ನಾಲ್ಕೂ ಸತ್ತಂಗ." ಆಮೇಲೆ ಲೋಟಗಳನ್ನು ಎರಡೆರಡು ಮಾಡಿದ. "ಜೋಡಿ ಮಾಡಿದ್ರ ಇದರಾಗ ಇದ್ದದ್ದ ಅದರಾಗೂ ಇರ್ತದ. ಭರೋಸಾ ಜಾಸ್ತಿ, ಜಾಗಾ ಅರ್ಧ." ಕೊನೆಗೆ ಒಂದು ಲೋಟವನ್ನು ಸ್ವಲ್ಪ ದೂರ ಸರಿಸಿದ. "ಇದು ಮೂರನೇ ತರಹ. ಮೂರು ಡಿಸ್ಕಿನಷ್ಟು ಜಾಗಾ ಸಿಗ್ತದ. ನಾಲ್ಕರಾಗ ಯಾವುದಾರ ಒಂದು ಸತ್ರೂ ಉಳಿದ ಮೂರೂ ಕೂಡಿ ಅದರಾಗಿಂದು ಲೆಕ್ಕಾ ಹಾಕಿ ಕೊಡ್ತಾವ."

"ಯಾವುದು ಸತ್ರೂ?"

"ಯಾವುದು ಸತ್ರೂ."

"ಎರಡು ಸತ್ರ?"

"ಎರಡು ಸತ್ರ ನನ್ನ ಕರೀಬ್ಯಾಡ್ರಿ ಅಮ್ಮಾರ, ನಾ ಬಂದು ಏನು ಮಾಡಲಿ?"

ಮಗನಿಗೆ ಪೂರಾ ಜಾಗ ಬೇಕಿತ್ತು. ಡ್ರೋನ್ ತಂದ ಮೇಲೆ ಒಂದೊಂದು ಮದುವೆ ಒಂದೊಂದು ಗೋದಾಮಿನಷ್ಟು ಆಗುತ್ತದೆ ಎನ್ನುವುದು ಅವನ ಮಾತು. ಸೊಸೆ ಮೆಲ್ಲಗೆ ಹೇಳಿದಳು: "ಜೋಡಿನ ಇರಲಿ ಅತ್ತಿ. ಒಮ್ಮೆ ಬಿದ್ದು ಒಡದದ್ದು ಸಾಕು."

"ಒಂದ ಕೆಲಸಕ್ಕ ಇಬ್ಬರು ಆಳು ಯಾಕ ಬೇ?" ಎಂದೆ ನಾನು. "ಇದರಾಗ ಇದ್ದದ್ದ ಅದರಾಗ ಇಟ್ರ ಅದು ಸುಮ್ನ ಕುಂತು ಉಂಡಂಗ. ಮೂರನೇದು ಮಾಡು."

ಹಾಗೆ ಮಾಡಿದ. ಹಳೆಯ ಬಿಡಿ ಡಿಸ್ಕುಗಳಲ್ಲಿದ್ದ ಮದುವೆಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ, ಆ ಡಿಸ್ಕುಗಳನ್ನು ಮಗ ಅಳಿಸಿ ಮಾರಿದ. ಹೋಗುವಾಗ ಬಾಗಿಲಲ್ಲಿ ನಿಂತು, "ಇದು ನಕಲು ಅಲ್ಲರಿ. ನಕಲು ಬ್ಯಾರೆ ಮನ್ಯಾಗ ಇಡಬೇಕು. ಇದು ನಕಲು ಅಲ್ಲ," ಎಂದು ತನ್ನ ಪದ್ಧತಿಯಂತೆ ಎರಡು ಸಲ ಹೇಳಿದ. ಮಗ ಆಯಿತು ಬಿಡ್ರಿ ಎಂದ. ಮಸ್ಕಿಯಲ್ಲಿ ನನ್ನ ಮಗಳ ಮನೆ ಇದೆ, ಅಲ್ಲಿ ಒಂದು ನಕಲು ಇಡಬಹುದಿತ್ತು. ಯಾರೂ ಇಡಲಿಲ್ಲ.

ಮಹಾನವಮಿಗೆ ನಮ್ಮಲ್ಲಿ ಹತಾರ ಪೂಜೆ. ಗಂಡನ ಕಾಲದಲ್ಲಿ ಕ್ಯಾಮರಾ, ಲೆನ್ಸು, ಮೂರು ಕಾಲಿನ ಸ್ಟ್ಯಾಂಡು, ಕತ್ತರಿ, ಫೋಟೋ ಕತ್ತರಿಸುವ ಮಷೀನು ಎಲ್ಲವನ್ನೂ ಬಿಚ್ಚಿ ಒರೆಸಿ ಹಲಗೆಯ ಮೇಲೆ ಸಾಲಾಗಿ ಇಡುತ್ತಿದ್ದೆವು. ಹತಾರ ಪೂಜೆ ಎಂದರೆ ಕೆಲಸ ಮಾಡುವ ವಸ್ತುವಿಗೆ ಮಾಡುವುದು, ಅದರ ಡಬ್ಬಿಗೆ ಮಾಡುವುದಲ್ಲ. ಆ ಲೆಕ್ಕದಲ್ಲಿ ನಾನು ಕರಿ ಪೆಟ್ಟಿಗೆಯಿಂದ ನಾಲ್ಕೂ ಡಿಸ್ಕು ಎಳೆದು ತೆಗೆದೆ. ಪೆಟ್ಟಿಗೆ ಬಂದ್ ಮಾಡಿದ್ದೆ, ಆ ಮಟ್ಟಿಗೆ ಬುದ್ಧಿ ಇತ್ತು. ಒದ್ದೆ ಅರಿವೆಯಿಂದ ಒರೆಸಿದೆ, ವಿಭೂತಿ ಕುಂಕುಮ ಹಚ್ಚಿದೆ, ಹಲಗೆಯ ಮೇಲೆ ಇಟ್ಟೆ. ತೆಂಗಿನಕಾಯಿ ಒಡೆದು ಆ ನೀರನ್ನು ಎಲ್ಲದರ ಮೇಲೂ ಚಿಮುಕಿಸಿದೆ. ಅದೂ ಪದ್ಧತಿ. ಕತ್ತರಿಗೆ ತೆಂಗಿನ ನೀರು ಬಿದ್ದರೆ ಏನೂ ಆಗುವುದಿಲ್ಲ.

ಮರುದಿನ ಪೂಜೆ ಎತ್ತಿ ಡಿಸ್ಕುಗಳನ್ನು ಖಾನೆಗೆ ತಳ್ಳಿ ಗುಂಡಿ ಒತ್ತಿದರೆ ಮೂರು ದೀಪ ಹಸಿರು, ಒಂದು ಕೆಂಪು. ಪೆಟ್ಟಿಗೆ ಕೀಂ ಕೀಂ ಎಂದು ಕೂಗಲು ಹತ್ತಿತು. ಕಂಪ್ಯೂಟರಿನವನಿಗೆ ಫೋನ್ ಮಾಡಿದೆವು. ಬಂದು, ಸತ್ತ ಡಿಸ್ಕನ್ನು ಹೊರಳಿಸಿ ನೋಡಿದ. ಅದರ ಅಡಿಯ ಹಸಿರು ಸರ್ಕ್ಯೂಟ್ ಹಲಗೆಯಲ್ಲಿ ಉಪ್ಪಿನ ಹಾಗೆ ಬಿಳಿ ಕಟ್ಟಿತ್ತು. ಮೂಲೆಯಲ್ಲಿ ಕುಂಕುಮ.

"ಪೂಜಾ ಮಾಡ್ರಿ, ಬ್ಯಾಡ ಅನ್ನಂಗಿಲ್ಲ," ಎಂದ. "ಪೆಟ್ಟಿಗಿ ಮ್ಯಾಲ ಮಾಡ್ರಿ. ಹೊಟ್ಯಾಗಿಂದು ತಗೀಬ್ಯಾಡ್ರಿ. ಹೊಸಾದು ಒಂದು ಲಗೂನ ಹಾಕಿಸ್ರಿ."

ಲಗೂನ ಹಾಕಿಸಲಿಲ್ಲ. ತುಳಸಿ ಲಗ್ನ ಮುಗಿದಿದ್ದೇ ಮದುವೆಗಳ ಸುಗ್ಗಿ. ಪೆಟ್ಟಿಗೆ ನಿಲ್ಲಿಸಿದರೆ ಕೆಲಸ ನಿಲ್ಲುತ್ತದೆ. ಒಂದು ಸತ್ತರೂ ನಡೆಯುತ್ತದೆ ಎಂದು ಅವನೇ ಹೇಳಿದ್ದಲ್ಲ, ನಡೆಯುತ್ತಲೂ ಇತ್ತು. ಗಿರಾಕಿಗಳಿಗೆ ಕಿರಿಕಿರಿ ಎಂದು ಮಗ ಕೀಂ ಕೀಂ ಶಬ್ದ ಬಂದ್ ಮಾಡಿದ. ಕೆಂಪು ದೀಪದ ಮೇಲೆ ನಾನೇ ಒಂದು ಹಳೆಯ ಬಿಂದಿ ಅಂಟಿಸಿದೆ, ಕಣ್ಣಿಗೆ ಚುಚ್ಚುತ್ತಿತ್ತು.

ಹೀಗೆ ನಾಲ್ಕು ತಿಂಗಳು ನಡೆಯಿತು.

ಶಿವರಾತ್ರಿ ಅಮಾವಾಸ್ಯೆಯ ಬೆಳಗ್ಗೆ ಒಬ್ಬ ಹೆಣ್ಣುಮಗಳು ಬಂದಳು. ತುರ್ವಿಹಾಳದ ಮೊದಲ ಬಸ್ಸಿಗೆ ಬಂದಿರಬೇಕು, ಸೀರೆಯ ಅಂಚಿಗೆ ಗದ್ದೆಯ ಕೆಸರು ಒಣಗಿತ್ತು. ಮೂವತ್ತರ ಒಳಗಿನ ವಯಸ್ಸು. ಹಣೆ ಬರಿದಾಗಿತ್ತು.

"ಅಮ್ಮಾ, ನನ್ನ ಮದುವಿ ಫೋಟೋ ಅದಾವೇನು? ಆರು ವರ್ಷ ಆತು. ಮಸ್ಕಿ ಗುಡ್ಡದಾಗ ಗುಡಿ ಮುಂದ ಆಗಿತ್ತು. ನಿಮ್ಮ ಮಗಾನ ತಗದಿದ್ದ."

ಅವಳ ಗಂಡನ ಊರು ಸಂತೆಕಲ್ಲೂರು. ಗಂಡ ಸತ್ತು ಐದು ತಿಂಗಳಾಗಿತ್ತು. ದಿನಕರ್ಮ ಮುಗಿದ ಮೇಲೆ ಅತ್ತೆ ಮೈದುನರು ಸೇರಿ ಅವಳನ್ನು ಹೊರಗೆ ಹಾಕಿದ್ದರು. ಈಗ ತುರ್ವಿಹಾಳದಲ್ಲಿ ಅಣ್ಣನ ಮನೆಯಲ್ಲಿ ಇದ್ದು ನಾಟಿ ಹಚ್ಚಲು ಹೋಗುತ್ತಿದ್ದಾಳೆ.

"ನಂದು ಮದುವಿನ ಆಗಿಲ್ಲಂತ," ಎಂದಳು. "ಸುಮ್ನ ಇಟ್ಕೊಂಡಿದ್ದ ಅಂತಾರ. ಇಟ್ಕೊಂಡಾಕಿಗಿ ಮನ್ಯಾಗ ಪಾಲೆಲ್ಲಿದು ಅಂತಾರ. ಆಲ್ಬಮ್ಮು ಅವರ ಟ್ರಂಕಿನ್ಯಾಗ ಇತ್ತು, ಈಗ ಇಲ್ಲಂತ. ತಾಳಿ ಕಟ್ಟಿಸಿದ ಅಯ್ಯನ್ನ ಕೇಳಿದ್ರ, ನಾ ದಿನಾ ಕಟ್ಟಸ್ತೀನವ್ವ, ಯಾರ್ಯಾರ್ದು ಅಂತ ನೆಪ್ಪಿಡ್ಲಿ ಅಂತಾನ. ವಕೀಲ್ರು ಫೋಟೋ ತಂದ್ರ ಮಾತು ಅಂದಾರ."

ಮದುವೆಯನ್ನು ಯಾವ ಕಚೇರಿಯಲ್ಲೂ ಬರೆಸಿರಲಿಲ್ಲ. ನಮ್ಮ ಕಡೆ ಯಾರು ಬರೆಸುತ್ತಾರೆ? ಫೋಟೋ ಇದ್ದರೆ ಅವಳು ಹೆಂಡತಿ, ಇಲ್ಲದಿದ್ದರೆ ಅಲ್ಲ.

ಮಗ ಕಂಪ್ಯೂಟರಿನಲ್ಲಿ ಹುಡುಕಿದ. ಸಿಕ್ಕಿತು. ಚಿಕ್ಕ ಚಿಕ್ಕ ಫೋಟೋ ತೆರೆಯ ತುಂಬ ಬಂದವು. ಆಗ ನನಗೂ ಗುರುತು ಹತ್ತಿತು. ಆ ಮದುವೆಯಲ್ಲಿ ಅವಳ ಕುಪ್ಪಸದ ಹೊಲಿಗೆ ಎಡ ಭುಜದಲ್ಲಿ ಬಿಚ್ಚಿತ್ತು, ಆಲ್ಬಮ್ ಆರಿಸುವಾಗ ಅವಳ ಗಂಡ ನನ್ನ ಪಕ್ಕ ಕೂತು, "ಇದನ್ನಷ್ಟ ಮುಚ್ಚಿಸ್ರಿ ಅಮ್ಮಾ, ನನಗ ನೋಡಾಕ ಚಂದನ ಐತಿ, ಆಕಿ ಬೈತಾಳ," ಎಂದಿದ್ದ. ಸೊಸೆ ಅದನ್ನು ಕಂಪ್ಯೂಟರಿನಲ್ಲೇ ಹೊಲಿದು ಕೊಟ್ಟಿದ್ದಳು. ಈಗ ಆ ಹೆಣ್ಣುಮಗಳು ತೆರೆಯ ಹತ್ತಿರ ಬಗ್ಗಿ ತಾಳಿ ಕಟ್ಟುವ ಫೋಟೋ ನೋಡಿದಳು.

ಮಗ ಪೆನ್ ಡ್ರೈವ್ ಕೈಗೆ ತೆಗೆದುಕೊಂಡ. ಒಂದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ.

"ಇವತ್ತು ಅಮಾಸಿ," ಎಂದೆ ನಾನು. "ಅಮಾಸಿ ದಿನ ಅಂಗಡಿ ಮಾಲು ಹೊರಗ ಹೋಗಂಗಿಲ್ಲ. ನಾಡದ ಬಾ ಯವ್ವಾ."

ಮಗ ನನ್ನ ಮುಖ ನೋಡಿದ. "ಯವ್ವಾ, ಇದೇನು ಮಾಲ ಬೇ? ಒಂದು ನಕಲು ಕೊಡೋದು."

"ನಿಮ್ಮಪ್ಪ ಇದ್ದಾಗಿನಿಂದ ಇಲ್ಲ."

ಅದು ನಿಜ, ಗಂಡನ ಕಾಲದಿಂದ ಆ ಪದ್ಧತಿ ಇದೆ. ಆದರೆ ಬರೆಯುವಾಗ ಪೂರ್ತಿ ಬರೆಯಬೇಕು. ಅಂದು ಅಂಗಡಿಯಲ್ಲಿ ಹೊಸ ಮದುವೆ ಗೊತ್ತು ಮಾಡಲು ಬಂದ ಬೀಗರು ಕೂತಿದ್ದರು. ಅಮಾವಾಸ್ಯೆ ದಿನ ಅವರ ಕಣ್ಣ ಮುಂದೆ, ಗಂಡ ಸತ್ತು ಹಸಿ ಆರದ ಹೆಂಗಸಿನ ಕೈಗೆ ಮದುವೆ ಫೋಟೋ ಕೊಡುವುದು ನನಗೆ ಸರಿ ಕಾಣಲಿಲ್ಲ. ನಾನೂ ಗಂಡ ಸತ್ತವಳೇ. ಆದರೂ ಕಾಣಲಿಲ್ಲ.

ಅವಳು ವಾದ ಮಾಡಲಿಲ್ಲ. "ನಾಡದ ಅಂದ್ರ ನಾಡದ ಕೊಡ್ತೀರಲ್ಲ?" ಎಂದು ಕೇಳಿ, ನಾನು ಹೂಂ ಅಂದ ಮೇಲೆ ಹೋದಳು.

ಅವಳು ಹೋದ ಮೇಲೆ ನನ್ನ ಮನಸ್ಸಿಗೆ ಆ ಕೆಂಪು ದೀಪ ಬಂತು. ಇನ್ನೊಬ್ಬರ ಮನೆ ಈ ಪೆಟ್ಟಿಗೆಯ ಮೇಲೆ ನಿಂತಿದೆ, ಇದನ್ನು ಮೊದಲು ಸರಿ ಮಾಡಿಸು ಎಂದು ಮಗನಿಗೆ ಹೇಳಿದೆ. ನಾಲ್ಕು ತಿಂಗಳಲ್ಲಿ ಬಾರದ ಬುದ್ಧಿ ಅವತ್ತೇ ಬಂತು. ಕಂಪ್ಯೂಟರಿನವನು ಮರುದಿನ ಹೊಸ ಡಿಸ್ಕು ತಂದ. ಹಾಕುವ ಮೊದಲು, "ಜರೂರಿ ಇದ್ದದ್ದು ಮೊದಲ ತಕ್ಕೊಂಡೀರಿ?" ಎಂದು ಕೇಳಿದ. ಎರಡು ಸಲ ಕೇಳಿದ. ಮಗ ಒಂದು ಮದುವೆಗೆ ಹೊರಡುವ ಗಡಿಬಿಡಿಯಲ್ಲಿದ್ದ, ತೆಗೆದುಕೊಂಡೀವಿ ಎಂದ. ಆ ವಾರದ ಕೆಲಸವನ್ನಷ್ಟೇ ತೆಗೆದುಕೊಂಡಿದ್ದ. ಅವಳದು ಅವನ ನೆನಪಿಗೆ ಬರಲಿಲ್ಲ. ನನಗೆ ಬಂತು. ಪೆಟ್ಟಿಗೆ ಸರಿಯಾದ ಮೇಲೆ ತೆಗೆದರಾಯಿತು ಎಂದುಕೊಂಡೆ.

ಹೊಸ ಡಿಸ್ಕು ಹಾಕಿದರೆ ಉಳಿದ ಮೂರೂ ತಮ್ಮಲ್ಲಿರುವುದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಅದನ್ನು ತುಂಬಬೇಕು. ಒಂದು ಹಗಲು, ಒಂದು ರಾತ್ರಿ ಹಿಡಿಯುತ್ತದೆ. ಅಷ್ಟು ಹೊತ್ತು ಅವು ಬಿಡುವಿಲ್ಲದೆ ತಿರುಗುತ್ತವೆ. ಮರುದಿನ ಬೆಳಗ್ಗೆ ಅಂಗಡಿ ತೆಗೆದು ನೋಡಿದರೆ ಇನ್ನೊಂದು ದೀಪ ಕೆಂಪಾಗಿತ್ತು. ಮಹಾನವಮಿಯ ಹಲಗೆಯ ಮೇಲೆ ಸತ್ತದ್ದರ ಪಕ್ಕ ಮಲಗಿದ್ದ ಡಿಸ್ಕು ಅದು. ಅದಕ್ಕೂ ತೆಂಗಿನ ನೀರು ಬಿದ್ದಿತ್ತು, ಇಷ್ಟು ದಿನ ತಡೆದಿತ್ತು. ಸೊಸೆ ಕಂಪ್ಯೂಟರು ತೆಗೆದಳು. ಒಂದು ಮದುವೆಯೂ ಇರಲಿಲ್ಲ. ನಮ್ಮ ಹನ್ನೊಂದು ವರ್ಷದ ಕೆಲಸ ಇರಲಿಲ್ಲ.

ಕಂಪ್ಯೂಟರಿನವನಿಗೆ ಮತ್ತೆ ಫೋನ್ ಮಾಡಿದೆವು. ಕರೀಬ್ಯಾಡ್ರಿ ಅಂದಿದ್ದವನು ಬಂದ, ಬಂದು ಏನೂ ಮಾಡಲು ಆಗಲಿಲ್ಲ.

ಹೇಳಿದ ದಿನವೂ ಅದೇ. ಮಧ್ಯಾಹ್ನದ ಬಸ್ಸಿಗೆ ಅವಳು ಬಂದಳು. ಮಗ ಒಳಗೆ ಹೋದ. ನಾನೇ ಹೇಳಿದೆ.

"ಫೋಟೋ ಹೋದವು ಯವ್ವಾ. ಮಷೀನು ಸತ್ತದ."

"ಮೊನ್ನಿ ಇದ್ವಲ್ಲ?"

"ಇದ್ವು."

"ನಾ ನೋಡೀನಲ್ಲಮ್ಮಾ."

"ನೋಡೀದಿ."

ಅವಳು ಕಂಪ್ಯೂಟರಿನ ತೆರೆಯ ಕಡೆ ನೋಡಿದಳು. ಆಮೇಲೆ ನನ್ನ ಕಡೆ. "ಅಮಾಸಿ ನನಗ ಬಂದು ಬಡೀತೇನಮ್ಮಾ," ಎಂದಳು. ಬೈದರೆ ಬೈಸಿಕೊಳ್ಳುತ್ತಿದ್ದೆ. ಬೈಯಲಿಲ್ಲ.

ಡಿಸ್ಕುಗಳನ್ನು ಹೈದರಾಬಾದಿಗೆ ಕಳಿಸಿದೆವು. ಅಲ್ಲಿ ಇಂಥವನ್ನು ಬಿಚ್ಚಿ ಒಳಗಿನದನ್ನು ತೆಗೆಯುವವರು ಇದ್ದಾರೆ. ಎರಡು ತಿಂಗಳು ಇಟ್ಟುಕೊಂಡು ಸಿಕ್ಕಷ್ಟು ತೆಗೆದು ಕಳಿಸಿದರು. ಒಂದೊಂದು ಫೋಟೋವನ್ನು ಮೂರು ಕಡೆ ಚೂರು ಮಾಡಿ ಇಡುವ ಪದ್ಧತಿಯಂತೆ ಅದು, ಒಂದು ಕಡೆಯ ಚೂರು ಹೋದರೆ ಫೋಟೋ ಅಲ್ಲಿಗೆ ನಿಲ್ಲುತ್ತದೆ. ಬಂದವೆಲ್ಲ ಅಂಥವೇ. ಮೇಲೆ ಮಂಟಪ, ಹೂವು, ಲೈಟಿನ ಸರ, ಕೆಳಗೆ ಬೂದಿ ಬಣ್ಣ. ಸೊಸೆ ಮೂರು ವಾರ ಕೂತು ಒಂದೊಂದನ್ನೂ ನೋಡಿದಳು. ಆ ಹೆಣ್ಣುಮಗಳ ಮದುವೆಯದು ಒಂದು ಸಿಕ್ಕಿತು. ಗುಡಿಯ ಕಮಾನು, ಅಯ್ಯನ ಕೈ, ಎರಡು ಬಾಸಿಂಗ. ಬಾಸಿಂಗದ ಕೆಳಗೆ ಹಣೆಯೂ ಇಲ್ಲ. ಅಲ್ಲಿಂದ ಬೂದಿ.

ಅದನ್ನೇ ದೊಡ್ಡದು ಮಾಡಿ ಅವಳ ವಕೀಲನಿಗೆ ಕೊಟ್ಟೆವು. ಸಾಕ್ಷಿಗೆ ಮನೆಯವರಲ್ಲದ ಯಾರಾದರೂ ಬರಬೇಕು ಎಂದ. ಮಗನಿಗೆ ಮುಖ ನೆನಪಿಲ್ಲ, ಒಂದು ಸೀಸನ್ನಿಗೆ ಎಷ್ಟೋ ಮದುವೆ ನೋಡುವವನು. ನನಗಿತ್ತು. ಲಿಂಗಸುಗೂರಿನ ಕೋರ್ಟಿಗೆ ನಾನು ಹೋದೆ. ಬಸ್ಸಿನಲ್ಲಿ ಅವಳು ನನ್ನ ಪಕ್ಕದ ಸೀಟಿನಲ್ಲಿ ಕೂತಿದ್ದಳು. ಮಸ್ಕಿ ದಾಟುವಾಗ ಗುಡ್ಡ ಕಂಡಿತು.

ಈಕೆಯ ಮದುವೆ ಫೋಟೋಗಳನ್ನು ನಾನೇ ಆರಿಸಿದ್ದು, ತಾಳಿ ಕಟ್ಟಿದ್ದನ್ನು ಫೋಟೋದಲ್ಲಿ ನೋಡಿದ್ದೇನೆ, ಕುಪ್ಪಸದ ಹೊಲಿಗೆ ಬಿಚ್ಚಿತ್ತು, ಅದಕ್ಕೇ ನೆನಪಿದೆ ಎಂದು ಹೇಳಿದೆ. ಆ ಕಡೆಯ ವಕೀಲ ಎದ್ದ. ಸಣ್ಣ ವಯಸ್ಸಿನವನು, ಮರ್ಯಾದೆಯಿಂದಲೇ ಕೇಳಿದ.

"ಈ ಫೋಟೋದಾಗ ಹೊಲಿಗಿ ಎಲ್ಲೈತ್ರಿ ಅಮ್ಮಾ?"

"ಇದರಾಗ ಕಾಣಂಗಿಲ್ಲ."

"ಪೂರಾ ಫೋಟೋ ಇದ್ದಿದ್ರ ಕಾಣ್ತಿತ್ತಾ?"

"ಇಲ್ಲ. ಕಂಪ್ಯೂಟರಿನ್ಯಾಗ ಮುಚ್ಚಿಸಿದ್ವಿ."

"ಅಂದ್ರ ಫೋಟೋದಾಗ ಇದ್ದದ್ದು ತೆಗೀತೀರಿ."

"ತೆಗೀತೀವಿ."

"ಇರಲಾರದ್ದು ಹಾಕ್ತೀರಿ?"

"ಹಾಕ್ತೀವಿ. ಸತ್ತ ಅಪ್ಪನ್ನ ಮಗಳ ಮದುವ್ಯಾಗ ನಿಂದರಿಸಿ ಕೊಡ್ತೀವಿ. ಕೇಳ್ತಾರ, ಕೊಡ್ತೀವಿ."

"ಇವು ಯಾರ ಬಾಸಿಂಗ ಅಂತ ಈ ಫೋಟೋ ನೋಡಿ ಹೇಳ್ತೀರಾ?"

ಹೇಳುತ್ತೇನೆ ಎನ್ನಬಹುದಿತ್ತು. ಬಾಸಿಂಗಗಳೆಲ್ಲ ಒಂದೇ ಥರ ಇರುತ್ತವೆ, ಬಾಡಿಗೆಗೂ ಸಿಗುತ್ತವೆ. "ಹೇಳಾಕ ಬರಂಗಿಲ್ಲ," ಎಂದೆ. ಆತ ಕೂತ.

ತೀರ್ಪಿನ ತನಕ ಹೋಗಲಿಲ್ಲ. ಮರುವರ್ಷ ಮಳೆಗಾಲಕ್ಕೆ ಮೊದಲೇ ಅವಳ ಅಣ್ಣ ಹಿರಿಯರನ್ನು ಕೂಡಿಸಿ ರಾಜಿ ಮಾಡಿಸಿದ. ಅವಳ ಹೊಲಿಗೆ ಮಷೀನು, ನಾಲ್ಕು ಪಾತ್ರೆ, ಎರಡು ಸೀರೆ ವಾಪಸು ಕೊಟ್ಟರು. ಆ ಮನೆಗೂ ತನಗೂ ಸಂಬಂಧವಿಲ್ಲ ಎಂದು ಅವಳು ಸಹಿ ಮಾಡಿದಳು.

ಅಷ್ಟರಲ್ಲಿ ನಾವು ಹೊಸ ಪೆಟ್ಟಿಗೆ ತಂದಿದ್ದೆವು. ಮತ್ತೆ ನಾಲ್ಕು ಖಾನೆ. ಕಂಪ್ಯೂಟರಿನವನು ಲೋಟ ತರಿಸಲಿಲ್ಲ, ಹೇಗೆ ಕೂಡಿಸಲಿ ಎಂದು ನನ್ನನ್ನಷ್ಟೇ ಕೇಳಿದ.

"ಜೋಡಿ," ಎಂದೆ. "ಮತ್ತ ಒಂದು ನಕಲು ಮಸ್ಕಿಗಿ, ಮಗಳ ಮನಿಗಿ. ವಾರಕ್ಕೊಮ್ಮಿ ನಾನ ಬಸ್ಸಿನ್ಯಾಗ ಒಯ್ತೀನಿ."

"ಅರ್ಧ ಜಾಗಾ ಹೋಗ್ತದ ಯವ್ವಾ," ಎಂದ ಮಗ.

"ಹೋಗ್ಲಿ."

ಕಂಪ್ಯೂಟರಿನವನು, "ಜೋಡ್ಯಾಗ ಒಂದು ಸತ್ರ ಅವತ್ತ ನನಗ ಫೋನ್ ಮಾಡ್ರಿ. ಅವತ್ತ ಮಾಡ್ರಿ," ಎಂದ. ಈ ಸಲ ಎರಡನೆಯ ಸಲವೂ ಕೇಳಿಸಿಕೊಂಡೆ. ಮಹಾನವಮಿಗೆ ಈಗ ಪೆಟ್ಟಿಗೆಯ ಮೇಲೆ ಒಣ ವಿಭೂತಿ ಹಚ್ಚುತ್ತೇನೆ, ಅಷ್ಟೇ. ತೆಂಗಿನಕಾಯಿ ಅಂಗಡಿಯ ಹೊರಗೆ ಒಡೆಯುತ್ತೇವೆ. ಅಮಾವಾಸ್ಯೆ ದಿನ ಕೇಳಿದವರಿಗೆ ಕೇಳಿದ್ದು ಕೊಡುತ್ತೇವೆ. ಅದರಿಂದ ಯಾರಿಗೂ ಏನೂ ಆಗಿಲ್ಲ.

ಮಳೆಗಾಲ ಮುಗಿಯುತ್ತಿದ್ದಾಗ ಅವಳು ಅಣ್ಣನ ಜೊತೆ ಅಂಗಡಿಗೆ ಬಂದಳು. ಸಿಂಧನೂರಿನಲ್ಲಿ ಸ್ಟುಡಿಯೋ ಬೇಕಾದಷ್ಟಿವೆ, ನಮ್ಮಲ್ಲಿಗೇ ಯಾಕೆ ಬಂದಳೋ ನಾನು ಕೇಳಲಿಲ್ಲ. ಅಣ್ಣನ ರೇಷನ್ ಕಾರ್ಡಿಗೆ ಅವಳ ಹೆಸರು ಸೇರಿಸಬೇಕಿತ್ತು, ಅದಕ್ಕೆ ಚಿಕ್ಕ ಫೋಟೋ. ಮಗ ಬಿಳಿ ಪರದೆಯ ಮುಂದೆ ಕೂಡಿಸಿದ. ಅಣ್ಣ ಅರ್ಜಿಯನ್ನು ನನ್ನ ಮೇಜಿನ ಮೇಲೆ ಇಟ್ಟುಕೊಂಡು ತುಂಬಿದ. ಕನ್ನಡದಲ್ಲಿತ್ತು, ನಾನು ಓದಿದೆ. ಸಂಬಂಧ ಎಂಬಲ್ಲಿ ತಂಗಿ ಎಂದು ಬರೆದ. ಗಂಡನ ಹೆಸರು ಎಂಬಲ್ಲಿ ಗೆರೆ ಎಳೆದ. ಮದುವೆ ಎಂಬಲ್ಲಿ ಪೆನ್ನು ನಿಲ್ಲಿಸಿ ಅವಳ ಕಡೆ ನೋಡಿದ.

"ಆಗಿಲ್ಲ ಅಂತ ಬರಿ," ಎಂದಳು. "ಸಹಿ ಮಾಡೀನಲ್ಲ."

ಸೊಸೆ ಎಂಟು ಪ್ರಿಂಟ್ ತೆಗೆದು ಕತ್ತರಿಸಿ ಕೊಟ್ಟಳು. ಅವಳು ಅವನ್ನು ಲಕೋಟೆಯಲ್ಲಿ ಇಟ್ಟುಕೊಂಡು, ಪೆಟ್ಟಿಗೆಯ ಕಡೆ ಗದ್ದ ಎತ್ತಿ, "ಇದು ಉಳೀತದೇನಮ್ಮಾ?" ಎಂದು ಕೇಳಿದಳು.

"ಉಳೀತದ," ಎಂದೆ. "ಎರಡು ಕಡೆ ಇರ್ತದ. ಮಸ್ಕ್ಯಾಗ ಒಂದು."

ತಲೆ ಆಡಿಸಿ ಅಣ್ಣನ ಹಿಂದೆ ಹೋದಳು. ಆ ವಾರದ ನಕಲಿನಲ್ಲಿ ಅವಳ ಆ ಫೋಟೋವೂ ಇತ್ತು. ಸೋಮವಾರದ ಬಸ್ಸಿಗೆ ನಾನೇ ಮಸ್ಕಿಗೆ ಒಯ್ದು ಇಟ್ಟು ಬಂದೆ.